ಥರ್ಡ್ ಶಿಫ್ಟ್‌ಗೆ ಮೈ ಒಗ್ಗುತ್ತದಾ? ಕಾರ್ಖಾನೆ ಡಾಕ್ಟರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಪೀಣ್ಯದ ಕಾರ್ಮಿಕರೊಬ್ಬರ ಪತ್ನಿ): ನಮಸ್ಕಾರ ಮೇಡಂ. ನಮ್ಮ ಯಜಮಾನರು ಮಷೀನ್ ಶಾಪಿನಲ್ಲಿ ಸಿಎನ್‌ಸಿ ಆಪರೇಟರ್. ವಯಸ್ಸು 36. ವಾರಕ್ಕೊಂದು ಶಿಫ್ಟ್ ಬದಲಾಗುತ್ತದೆ. ಥರ್ಡ್ ಶಿಫ್ಟ್ (ರಾತ್ರಿ ಪಾಳಿ) ವಾರ ಬಂದರೆ ಬೆಳಗ್ಗೆ 7ಕ್ಕೆ ಬಂದು ಮಲಗಿ, 11ಕ್ಕೆಲ್ಲ ಎದ್ದು ಕೂರುತ್ತಾರೆ. ಎದೆಯುರಿ, ಹುಳಿತೇಗು, ಮಕ್ಕಳ ಮೇಲೆ ಸಿಡುಕು. ಹೊಟ್ಟೆ ಬೇರೆ ಬಂದಿದೆ. ಹಗಲು ಮಲಗೋದು ಮನೆಗೆ ಒಳ್ಳೇದಲ್ಲ ಅಂತ ನಮ್ಮತ್ತೆ ಗೊಣಗುತ್ತಾರೆ. ಜೊತೆ ಕೆಲಸದವರು "ಸ್ವಲ್ಪ ದಿನ, ಅಭ್ಯಾಸ ಆಗುತ್ತೆ" ಅಂತಾರೆ. ನಿಜಕ್ಕೂ ಆಗುತ್ತಾ?

ಡಾಕ್ಟರ್: ಪೂರ್ತಿ ಅಭ್ಯಾಸ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕಂದ್ರೆ "ಎಲ್ಲರಿಗೂ ಆಗುತ್ತೆ, ನನಗೆ ಯಾಕೆ ಆಗ್ತಿಲ್ಲ" ಅಂತ ಕೊರಗುವವರು ನನ್ನ ಬಳಿ ತುಂಬಾ ಬರುತ್ತಾರೆ.

ಎರಡೂ ಕಣ್ಣಿನ ನರಗಳು ಮಿದುಳಿನಲ್ಲಿ ಸೇರುವ ಜಾಗದ ಸ್ವಲ್ಪ ಮೇಲೆ ದೇಹದ ಗಡಿಯಾರ ಇದೆ. ಅದು ಬೆಳಕನ್ನು ನೋಡಿ ಸಮಯ ಹೊಂದಿಸಿಕೊಳ್ಳುತ್ತದೆ. ನಿದ್ದೆ ಬರುವುದು, ಹೊಟ್ಟೆ ಕೆಲಸ ಮಾಡುವುದು, ಬಿಪಿ ಏರಿ ಇಳಿಯುವುದು, ಎಲ್ಲಕ್ಕೂ ಅದರದೇ ವೇಳಾಪಟ್ಟಿ. ಈ ಗಡಿಯಾರ ಜೀವಕೋಶದೊಳಗೆ ಹೇಗೆ ನಡೆಯುತ್ತದೆ ಅಂತ ಹಣ್ಣಿನ ನೊಣಗಳಲ್ಲಿ ಕಂಡುಹಿಡಿದ ಜೆಫ್ರಿ ಹಾಲ್, ಮೈಕಲ್ ರಾಸ್‌ಬಾಷ್, ಮೈಕಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು. ಈ ಗಡಿಯಾರವನ್ನು ಒಂದೇ ಸಲ ತಿರುಗಿಸಲು ಆಗುವುದಿಲ್ಲ. ಹೆಚ್ಚೂಕಡಿಮೆ ದಿನಕ್ಕೆ ಒಂದು ಗಂಟೆ ಸರಿಯುತ್ತದೆ. ಅದು ಅರ್ಧ ದಾರಿಗೆ ಬರುವಷ್ಟರಲ್ಲಿ ನಿಮ್ಮವರ ಥರ್ಡ್ ಶಿಫ್ಟ್ ವಾರ ಮುಗಿದಿರುತ್ತದೆ. ಅಲ್ಲಿಂದ ಮತ್ತೆ ಉಲ್ಟಾ.

11 ಗಂಟೆಗೆ ಎಚ್ಚರ ಆಗುವುದು ನಿದ್ದೆ ಸಾಕಾಗಿ ಅಲ್ಲ. ಗಡಿಯಾರ "ಹಗಲಾಯ್ತು, ಏಳು" ಅನ್ನುತ್ತದೆ, ಅಷ್ಟೆ. ಅದಕ್ಕೆ ಕೋಣೆ ಗವ್ವೆನ್ನುವಷ್ಟು ಕತ್ತಲಾಗಿರಬೇಕು. ದಪ್ಪ ಪರದೆ ಇಲ್ಲದಿದ್ದರೆ ಕಿಟಕಿಗೆ ಹಳೇ ಕಂಬಳಿ ಕಟ್ಟಿ, ಸಾಕು. ಫೋನ್ ಆಫ್. ಕುಕ್ಕರ್, ಮಿಕ್ಸಿ ಕೆಲಸ ಅವರು ಬರುವ ಮೊದಲೇ ಮುಗಿದರೆ ಒಳ್ಳೇದು. ಕಂಪನಿ ಬಸ್ಸಿನಲ್ಲಿ ಬರುವುದಾದರೆ ದಾರಿಯಲ್ಲಿ ಕಪ್ಪು ಕನ್ನಡಕ ಹಾಕಲಿ, ಬೆಳಗಿನ ಬಿಸಿಲು ಕಣ್ಣಿಗೆ ಬೀಳದಿದ್ದರೆ ನಿದ್ದೆ ಬೇಗ ಹತ್ತುತ್ತದೆ. ತಾವೇ ಗಾಡಿ ಓಡಿಸುವುದಾದರೆ ಬೇಡ, ಕಪ್ಪು ಕನ್ನಡಕ ತೂಕಡಿಕೆ ಹೆಚ್ಚಿಸುತ್ತದೆ. 11ಕ್ಕೆ ಎದ್ದರೂ ಬೇಜಾರಿಲ್ಲ. ಸಂಜೆ ಡ್ಯೂಟಿಗೆ ಹೋಗುವ ಮುಂಚೆ ಒಂದೂವರೆ ಗಂಟೆ ಮತ್ತೆ ಮಲಗಲಿ. ಎರಡು ಕಂತಿನ ನಿದ್ದೆಯೂ ಲೆಕ್ಕಕ್ಕೆ ಬರುತ್ತದೆ.

ಅತ್ತೆಯವರಿಗೆ ನಾನು ಹೇಳಿದೆ ಅಂತಲೇ ಹೇಳಿ: ಅವರು ಮಲಗುತ್ತಿರುವುದು ಅವರ ರಾತ್ರಿಯಲ್ಲಿ. ನಾವು ರಾತ್ರಿ 2 ಗಂಟೆಗೆ ಯಾರನ್ನಾದರೂ ಗ್ಯಾಸ್ ಸಿಲಿಂಡರ್ ಇಳಿಸೋಕೆ ಎಬ್ಬಿಸುತ್ತೇವಾ?

ಎದೆಯುರಿ ಎರಡು ವಾರ ಮೀರಿದರೆ, ತೂಕ ಇಳಿದರೆ, ಮಲ ಕಪ್ಪಗೆ ಹೋದರೆ ತಡ ಮಾಡದೆ ತೋರಿಸಿ. ಮೈಕೈ ನೋವಿಗೆ ಅಂತ ಖಾಲಿ ಹೊಟ್ಟೆಗೆ ಮಾತ್ರೆ ನುಂಗುವ ಅಭ್ಯಾಸ ಇದ್ದರೆ ಅದನ್ನೂ ಡಾಕ್ಟರಿಗೆ ತಿಳಿಸಿ.

ಪ್ರಶ್ನೆ (ಅದೇ ಪತ್ನಿ): ಥ್ಯಾಂಕ್ಸ್ ಮೇಡಂ. ಊಟ ಹೇಗೆ? ಕ್ಯಾಂಟೀನಲ್ಲಿ ರಾತ್ರಿ 1 ಗಂಟೆಗೆ ಅನ್ನ ಸಾರು ಕೊಡುತ್ತಾರಂತೆ, ಆಮೇಲೆ ಟೀ ಮೇಲೆ ಟೀ.

ಡಾಕ್ಟರ್: ಹೊಟ್ಟೆ ಬಂದಿರುವುದಕ್ಕೆ ಅರ್ಧ ಉತ್ತರ ಇಲ್ಲೇ ಇದೆ. ಅದೇ ಅನ್ನವನ್ನು ಮಧ್ಯಾಹ್ನ ತಿಂದಾಗ ಏರುವುದಕ್ಕಿಂತ ಜಾಸ್ತಿ ಸಕ್ಕರೆ ರಾತ್ರಿ ತಿಂದಾಗ ರಕ್ತದಲ್ಲಿ ಏರುತ್ತದೆ. 2021ರಲ್ಲಿ ಪ್ರಕಟವಾದ ಬಾಸ್ಟನ್ನಿನ ಒಂದು ಪ್ರಯೋಗದಲ್ಲಿ ಆರೋಗ್ಯವಂತರನ್ನು ಕೃತಕ ನೈಟ್ ಶಿಫ್ಟ್‌ನಲ್ಲಿ ಇಟ್ಟರು. ರಾತ್ರಿಯೂ ಊಟ ಮಾಡಿದವರ ಸಕ್ಕರೆ ಮಟ್ಟ ಏರಿತು. ಹಗಲಲ್ಲಷ್ಟೇ ಉಂಡವರಲ್ಲಿ ಏರಲಿಲ್ಲ. ಪ್ರಯೋಗ ಚಿಕ್ಕದು, ಆದರೆ ಪಾಲಿಸಲು ಖರ್ಚೇನೂ ಇಲ್ಲವಲ್ಲ.

ಮುಖ್ಯ ಊಟ ಡ್ಯೂಟಿಗೆ ಹೊರಡುವ ಮುಂಚೆ ಮನೆಯಲ್ಲೇ ಆಗಲಿ. ನಡುರಾತ್ರಿ ಹಸಿವಾದರೆ ಮಜ್ಜಿಗೆ, ಹುರಿಗಡಲೆ, ಬೇಯಿಸಿದ ಮೊಟ್ಟೆ, ಹೆಸರುಕಾಳಿನ ಉಸಲಿ. ಬೋಂಡಾ ಬಜ್ಜಿ ಬಿಡಲಿ. ಬೆಳಗ್ಗೆ ಎರಡು ಇಡ್ಲಿ ತಿಂದು ಮಲಗಲಿ, ಇಲ್ಲದಿದ್ದರೆ ಹಸಿವೇ ಎಬ್ಬಿಸುತ್ತದೆ. ಟೀ ಕಾಫಿಯಲ್ಲಿರುವ ಕೆಫೀನ್ ಅರ್ಧಕ್ಕೆ ಇಳಿಯಲೇ ಸುಮಾರು 5 ಗಂಟೆ ಬೇಕು. ಹಾಗಾಗಿ ಕೊನೆಯ ಟೀ ರಾತ್ರಿ 2ರ ಒಳಗೆ.

ಪ್ರಶ್ನೆ (ಹುಬ್ಬಳ್ಳಿಯ ವಿದ್ಯಾರ್ಥಿ): ಡಾಕ್ಟ್ರೇ, ನಮ್ಮಪ್ಪ ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ. ವಯಸ್ಸು 54. ದಿನಕ್ಕೆ 12 ಗಂಟೆ, ವಾರದ ಏಳೂ ದಿನ. ಹದಿನೈದು ದಿನ ಹಗಲು, ಹದಿನೈದು ದಿನ ರಾತ್ರಿ. ಶುಗರ್, ಬಿಪಿ ಎರಡೂ ಇದೆ. ಮಾತ್ರೆ ಯಾವ ಹೊತ್ತಿಗೆ ತಗೋಬೇಕು ಅನ್ನೋದೇ ಗೊಂದಲ.

ಡಾಕ್ಟರ್: ಏಳು ದಿನಕ್ಕೆ 84 ಗಂಟೆ ಆಯ್ತು. ಮಾತ್ರೆಗಿಂತ ಮೊದಲು ಇದರ ಬಗ್ಗೆ ಹೇಳಬೇಕು.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಒಂದು ದೊಡ್ಡ ಲೆಕ್ಕ ಪ್ರಕಟಿಸಿದವು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, 55 ಗಂಟೆ ಮತ್ತು ಮೇಲೆ ದುಡಿಯುವವರಿಗೆ ಲಕ್ವ ಹೊಡೆಯುವ ಅಪಾಯ 35% ಹೆಚ್ಚು. ಹೃದಯದ ಕಾಯಿಲೆಯಿಂದ ಸಾಯುವ ಅಪಾಯ 17% ಹೆಚ್ಚು. 2016 ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 7,45,000 ಸಾವು ಇದರಿಂದ ಅಂತ ಅಂದಾಜು. ನಿಮ್ಮಪ್ಪ 55ನ್ನೂ ದಾಟಿ ಎಲ್ಲೋ ಹೋಗಿದ್ದಾರೆ. ಮೇಲಾಗಿ ಬಿಪಿ ಇದೆ. ರಾತ್ರಿ ನಿದ್ದೆಯಲ್ಲಿ ಬಿಪಿ 10ರಿಂದ 20% ಇಳಿಯಬೇಕು. ಆ ಇಳಿತವೇ ರಕ್ತನಾಳಕ್ಕೆ ಸಿಗುವ ವಿಶ್ರಾಂತಿ. ರಾತ್ರಿಯಿಡೀ ಎದ್ದಿದ್ದು ಹಗಲು ನಾಲ್ಕು ಗಂಟೆ ಮಲಗುವವರಿಗೆ ಅದು ಸರಿಯಾಗಿ ಸಿಗುವುದಿಲ್ಲ.

ಇನ್ನು ಮಾತ್ರೆ. ಶುಗರ್ ಮಾತ್ರೆಗಳಲ್ಲಿ ಕೆಲವು, ಗ್ಲಿಮೆಪಿರೈಡ್ ಥರದವು, ಊಟ ತಪ್ಪಿದರೆ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತವೆ. "ಬೆಳಗ್ಗೆ ಒಂದು" ಅಂತ ಚೀಟಿಯಲ್ಲಿ ಇದೆ ಅಂತ ನೈಟ್ ಡ್ಯೂಟಿ ಮುಗಿಸಿ ಬಂದು ನುಂಗಿ, ಏನೂ ತಿನ್ನದೆ ಮಲಗಿಬಿಟ್ಟರೆ ಸಕ್ಕರೆ ಇಳಿದದ್ದು ಗೊತ್ತೇ ಆಗುವುದಿಲ್ಲ. ಹಾಗಂತ ನೀವೇ ಹೊತ್ತು ಬದಲಾಯಿಸಬೇಡಿ. ಎರಡೂ ಪಾಳಿಯ ಊಟದ ಮತ್ತು ಮಲಗುವ ಸಮಯ ಒಂದು ಹಾಳೆಯಲ್ಲಿ ಬರೆದು ಡಾಕ್ಟರಿಗೆ ಕೊಡಿ, ಹಗಲಿಗೊಂದು ರಾತ್ರಿಗೊಂದು ಚೀಟಿ ಬರೆಸಿಕೊಳ್ಳಿ. ಜೇಬಿನಲ್ಲಿ ಬೆಲ್ಲವೋ ಸಕ್ಕರೆಯೋ ಇರಲಿ. ಬೆವರು, ಕೈನಡುಕ, ತಲೆಸುತ್ತು ಬಂದರೆ ತಕ್ಷಣ ಬಾಯಿಗೆ ಹಾಕಿಕೊಳ್ಳಲಿ. ಮುಖ ಸೊಟ್ಟಗಾದರೆ, ಮಾತು ತೊದಲಿದರೆ, ಎದೆ ಹಿಂಡಿದಂತಾದರೆ 108ಕ್ಕೆ ಫೋನ್ ಮಾಡಿ.

ಇನ್ನೊಂದು ಮಾತು. ವಾರಕ್ಕೊಂದು ರಜೆ, ವಾರಕ್ಕೆ 48 ಗಂಟೆ, ಅದರ ಮೇಲೆ ದುಡಿಸಿದರೆ ದುಪ್ಪಟ್ಟು ಕೂಲಿ. ಇದು ಯಾರೂ ದಯೆಯಿಂದ ಕೊಡುವುದಲ್ಲ, ಕಾನೂನಿನಲ್ಲಿ ಇರುವುದು. ಸಂಬಳದಲ್ಲಿ ಇಎಸ್‌ಐ (ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆ) ಕಟ್ ಆಗುತ್ತಿದೆಯಾ ನೋಡಿ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಅದು ಅನ್ವಯ. ಕಾರ್ಡ್ ಇದ್ದರೆ ತಪಾಸಣೆ, ಔಷಧಿ ಇಎಸ್‌ಐ ಆಸ್ಪತ್ರೆಯಲ್ಲೇ ಸಿಗುತ್ತದೆ.

ಪ್ರಶ್ನೆ (ನಿವೃತ್ತ ಕಾರ್ಮಿಕ, ಭದ್ರಾವತಿ): ಇದೆಲ್ಲ ಈಗಿನ ಹುಡುಗರ ನಾಜೂಕು ಮೇಡಂ. ನಾವು 30 ವರ್ಷ ಫರ್ನೇಸ್ ಮುಂದೆ ಥರ್ಡ್ ಶಿಫ್ಟ್ ಮಾಡಿದ್ದೇವೆ. ಗುಂಡುಕಲ್ಲಿನ ಹಾಗೆ ಇದ್ದೇನೆ.

ಡಾಕ್ಟರ್: ಹಾಗೇ ಇರಿ ಸಾರ್, ಸಂತೋಷ. ಆದರೆ ನಿಮ್ಮ ಜೊತೆ ಸೇರಿದವರಲ್ಲಿ ನಡುವೆಯೇ ಕೆಲಸ ಬಿಟ್ಟವರು, ಬೇರೆ ಸೆಕ್ಷನ್‌ಗೆ ಹಾಕಿಸಿಕೊಂಡವರು, ರಿಟೈರ್ ಆಗುವ ಮುಂಚೆಯೇ ಹೋದವರು ಎಷ್ಟು ಮಂದಿ ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ತಡೆದುಕೊಂಡವರು ಉಳಿದರು. ಉಳಿದವರನ್ನು ಮಾತ್ರ ನೋಡಿದರೆ ಯಾವ ಕೆಲಸವೂ ಅಪಾಯ ಅನ್ನಿಸುವುದಿಲ್ಲ.

ಪ್ರಶ್ನೆ (ನರ್ಸ್, ಮಂಗಳೂರು): ನೈಟ್ ಡ್ಯೂಟಿಯಿಂದ ಸ್ತನ ಕ್ಯಾನ್ಸರ್ ಬರುತ್ತದೆ ಅಂತ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ನಿಜವಾ? ನಮ್ಮ ವಾರ್ಡಿನ ಒಬ್ಬಳು ಮೂರು ತಿಂಗಳ ಗರ್ಭಿಣಿ, ಅವಳಿಗೂ ನೈಟ್ ಹಾಕಿದ್ದಾರೆ.

ಡಾಕ್ಟರ್: ಸುಳ್ಳಲ್ಲ, ಆದರೆ ಬರೆದ ರೀತಿ ಹೆದರಿಸುವಂತಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲಿ ರಾತ್ರಿ ಪಾಳಿಯನ್ನು "ಬಹುಶಃ ಕ್ಯಾನ್ಸರ್‌ಕಾರಕ" ಎಂಬ 2ಎ ಗುಂಪಿಗೆ ಸೇರಿಸಿತು. 2019ರಲ್ಲಿ ಮತ್ತೆ ಪರಿಶೀಲಿಸಿ ಅಲ್ಲೇ ಉಳಿಸಿತು. ಕೆಂಪು ಮಾಂಸವೂ ಅದೇ ಗುಂಪಿನಲ್ಲಿದೆ. ಈ ಗುಂಪು ಸಾಕ್ಷ್ಯ ಎಷ್ಟು ಗಟ್ಟಿ ಅನ್ನೋದನ್ನು ಹೇಳುತ್ತದೆ. ಒಬ್ಬಳು ನರ್ಸ್‌ಗೆ ಅಪಾಯ ಎಷ್ಟು ಅನ್ನೋದನ್ನು ಹೇಳುವುದಿಲ್ಲ. ನೈಟ್ ಮಾಡುವ ಬಹುಪಾಲು ಜನಕ್ಕೆ ಕ್ಯಾನ್ಸರ್ ಬರುವುದಿಲ್ಲ. ಸ್ತನದಲ್ಲಿ ಗಂಟು ಸಿಕ್ಕರೆ ಮಾತ್ರ ತಡ ಮಾಡಬೇಡಿ.

ಗರ್ಭಿಣಿಯ ವಿಷಯದಲ್ಲಿ ನಾನು ಇಷ್ಟು ಸಮಾಧಾನವಾಗಿ ಹೇಳಲಾರೆ. ಡೆನ್ಮಾರ್ಕಿನಲ್ಲಿ ಸಾವಿರಾರು ಗರ್ಭಿಣಿಯರ ದಾಖಲೆ ನೋಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಎಂಟನೇ ವಾರದ ನಂತರ, ಒಂದೇ ವಾರದಲ್ಲಿ ಎರಡು ನೈಟ್ ಅಥವಾ ಹೆಚ್ಚು ಮಾಡಿದವರಲ್ಲಿ ಮುಂದಿನ ವಾರ ಗರ್ಭಪಾತದ ಅಪಾಯ 32% ಹೆಚ್ಚಿತ್ತು. ಆಕೆಯ ಪ್ರಸೂತಿ ಡಾಕ್ಟರ್‌ರಿಂದ ಪತ್ರ ಬರೆಸಿಕೊಂಡು ಇವತ್ತೇ ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಕೊಡಲಿ. ಆಸ್ಪತ್ರೆಯವರಿಗೆ ಇದನ್ನು ನಾವು ಹೇಳಿಕೊಡಬೇಕಾ ಅಂತ ನನಗೆ ಸಿಟ್ಟೂ ಬರುತ್ತದೆ.

ಪ್ರಶ್ನೆ (ಬಿಡದಿಯ ಕಾರ್ಮಿಕ): ನಾನು ನೈಟ್ ಮುಗಿಸಿ ಬೈಕಿನಲ್ಲಿ ಮೈಸೂರು ರಸ್ತೆಯಲ್ಲಿ ಕೆಂಗೇರಿಗೆ ಬರುತ್ತೇನೆ. ಎರಡು ಸಲ ತೂಕಡಿಕೆ ಬಂದು ಗಾಡಿ ಎಡಕ್ಕೆ ಹೋಗಿತ್ತು. ಮುಖ ತೊಳೆದುಕೊಂಡರೆ ಸಾಕಾ?

ಡಾಕ್ಟರ್: ಸಾಲದು. 17 ಗಂಟೆ ಎಚ್ಚರವಾಗಿದ್ದವರ ಚುರುಕು, ರಕ್ತದಲ್ಲಿ 0.05% ಮದ್ಯ ಇರುವವರ ಮಟ್ಟಕ್ಕೆ ಇಳಿದಿರುತ್ತದೆ ಅಂತ 1997ರಲ್ಲೇ ತೋರಿಸಿದ್ದಾರೆ. ನಮ್ಮ ದೇಶದಲ್ಲಿ ಪೊಲೀಸರು ಕೇಸು ಹಾಕುವ ಮಿತಿ 0.03%. ಮಧ್ಯಾಹ್ನ ಎದ್ದು, ಮಲಗದೆ ಡ್ಯೂಟಿ ಮಾಡಿ, ಬೆಳಗ್ಗೆ ಬೈಕ್ ಹತ್ತಿದರೆ ನೀವು ಅಲ್ಲಿಗೆ ತಲುಪಿರುತ್ತೀರಿ. ಕುಡಿದಿಲ್ಲ ಅನ್ನೋದಷ್ಟೇ ವ್ಯತ್ಯಾಸ. ಹೊರಡುವ ಮುಂಚೆ ಒಂದು ಟೀ ಕುಡಿದು ತಕ್ಷಣ 20 ನಿಮಿಷ ಕಣ್ಣು ಮುಚ್ಚಿ. ಏಳುವ ಹೊತ್ತಿಗೆ ಟೀ ಕೆಲಸ ಶುರು ಮಾಡಿರುತ್ತದೆ. ಮನೆಗೆ ಹೋಗಿ ಮಲಗುವುದು ಸ್ವಲ್ಪ ತಡವಾದರೂ ಪರವಾಗಿಲ್ಲ, ಇಲ್ಲಿ ಮಾತ್ರ ನನ್ನ ಟೀ ನಿಯಮ ಮುರಿಯಿರಿ. ಬಸ್ ಸಿಗುತ್ತದೆ ಅಂದ್ರೆ ನೈಟ್ ವಾರ ಬೈಕ್ ಮುಟ್ಟಲೇಬೇಡಿ.

ಪ್ರಶ್ನೆ (ಪ್ರೊಡಕ್ಷನ್ ಸೂಪರ್‌ವೈಸರ್): ರೋಸ್ಟರ್ (ಯಾರಿಗೆ ಯಾವ ಪಾಳಿ ಅನ್ನೋ ಪಟ್ಟಿ) ಹಾಕುವವನು ನಾನೇ. ತಲೆ ಎಣಿಕೆ ಹೆಚ್ಚಿಸಲು ಮ್ಯಾನೇಜ್‌ಮೆಂಟ್ ಒಪ್ಪುವುದಿಲ್ಲ. ಅದಿಲ್ಲದೆ ಏನು ಬದಲಾಯಿಸಬಹುದು?

ಡಾಕ್ಟರ್: ಈ ಪ್ರಶ್ನೆಗೇ ಕಾಯುತ್ತಿದ್ದೆ. ಕತ್ತಲೆ ಕೋಣೆ, ಮಜ್ಜಿಗೆ, ಇವೆಲ್ಲ ಕಾರ್ಮಿಕರು ಮಾಡಿಕೊಳ್ಳುವ ಸಣ್ಣ ರಿಪೇರಿ. ದೊಡ್ಡದು ನಿಮ್ಮ ಹಾಳೆಯಲ್ಲಿದೆ.

ಶಿಫ್ಟ್ ಮುಂದಕ್ಕೆ ಸರಿಯಲಿ: ಫಸ್ಟ್, ಸೆಕೆಂಡ್, ಥರ್ಡ್. ಹಿಂದಕ್ಕೆ ಸರಿದರೆ ದೇಹಕ್ಕೆ ಕಷ್ಟ, ಯಾಕಂದ್ರೆ ತಡವಾಗಿ ಮಲಗುವುದು ಸುಲಭ, ಬೇಗ ಮಲಗುವುದು ಕಷ್ಟ. ಬ್ರಿಟನ್ನಿನ ಸುರಕ್ಷತಾ ಸಂಸ್ಥೆ ಎರಡು ಮೂರು ದಿನಕ್ಕೊಮ್ಮೆ ಬದಲಾಯಿಸಿ, ಇಲ್ಲವೇ ಕನಿಷ್ಠ ಮೂರು ವಾರ ಒಂದೇ ಶಿಫ್ಟ್ ಇಡಿ ಅನ್ನುತ್ತದೆ. ನಮ್ಮಲ್ಲಿ ಎಲ್ಲ ಕಡೆ ನಡೆಯುವ ವಾರಕ್ಕೊಮ್ಮೆ ಪದ್ಧತಿ ಎರಡಕ್ಕೂ ನಡುವೆ ಸಿಕ್ಕಿಹಾಕಿಕೊಂಡಿದೆ. ರಾತ್ರಿ 10ಕ್ಕೆ ಸೆಕೆಂಡ್ ಮುಗಿಸಿದವನನ್ನು ಬೆಳಗ್ಗೆ 6ಕ್ಕೆ ಫಸ್ಟ್‌ಗೆ ಕರೆಯಬೇಡಿ. ಓಡಾಟ ಕಳೆದರೆ ಅವನಿಗೆ ಐದು ಗಂಟೆ ನಿದ್ದೆಯೂ ಸಿಗುವುದಿಲ್ಲ. ಯುರೋಪಿನಲ್ಲಿ ಎರಡು ಡ್ಯೂಟಿ ನಡುವೆ 11 ಗಂಟೆ ಬಿಡುವು ಕಾನೂನು. ನೈಟ್ ಮೇಲೆ ಓಟಿ ಹಾಕಬೇಡಿ, ನೈಟ್ ಮಾಡಿದ ಯಾರನ್ನೂ ಬೆಳಗ್ಗೆ 6ರ ನಂತರ ಪ್ರೆಸ್ ಯಂತ್ರದ ಮುಂದೆ ನಿಲ್ಲಿಸಬೇಡಿ. ಕ್ರೇನ್, ಟ್ಯಾಂಕ್ ಒಳಗಿನ ಕೆಲಸ ಬೆಳಗಿನ ಜಾವ 3ರಿಂದ 5ರ ನಡುವೆ ಬೇಡ, ಆಗ ದೇಹದ ಉಷ್ಣತೆಯೂ ಎಚ್ಚರವೂ ತೀರಾ ಕೆಳಗಿರುತ್ತದೆ. ರೋಸ್ಟರ್ ಅನ್ನು ಎರಡು ವಾರ ಮುಂಚೆ ಬೋರ್ಡಿಗೆ ಹಾಕಿ. ಇದಕ್ಕೆ ಯಾವುದಕ್ಕೂ ಒಬ್ಬನೂ ಹೊಸ ಆಳು ಬೇಕಿಲ್ಲ. ಈಗಿನ ರೋಸ್ಟರ್‌ನ ಫೋಟೋ ಹೆಸರು ಮುಚ್ಚಿ ಇಲ್ಲೇ ಹಾಕಿ, ಭಾನುವಾರ ಕೂತು ನೋಡುತ್ತೇನೆ.