ಬೇಲೂರು ದೊಡ್ಡಮ್ಮ ಕಳಿಸಿದ ಫಾರ್ವರ್ಡ್

(ನಮ್ಮ ಮನೆ ಗುಂಪು, ಭಾನುವಾರ ಬೆಳಿಗ್ಗೆ)

ಬೇಲೂರು ದೊಡ್ಡಮ್ಮ: [ಫಾರ್ವರ್ಡ್] ಎದೆಹಾಲೇ ಅಮೃತ. ಹಾಲು ಕುಡಿಯುವ ಮಗುವಿಗೆ ವರ್ಷದ ತನಕ ಡ್ರಾಪ್ಸ್, ಟಾನಿಕ್ ಯಾವುದೂ ಬೇಡ. ಎಲ್ಲರಿಗೂ ಕಳಿಸಿ.

ಬೇಲೂರು ದೊಡ್ಡಮ್ಮ: ಪುಟ್ಟಿ, ನೋಡಿದೆಯಾ? ಮಗುವಿಗೆ ಹಾಕುವ ಆ ಡ್ರಾಪ್ಸ್ ಬಾಟಲಿ ಎತ್ತಿಡು.

ಅರಸೀಕೆರೆ ಮಾವ: ಸರಿಯಾಗಿ ಹೇಳಿದೆ ಅಕ್ಕ. ನಮ್ಮನ್ನೆಲ್ಲ ಯಾವ ಡ್ರಾಪ್ಸ್ ಹಾಕಿ ಬೆಳೆಸಿದರು?

ನಾನು: ದೊಡ್ಡಮ್ಮ, ದಯವಿಟ್ಟು ಎತ್ತಿಡಿಸಬೇಡಿ. ಎದೆಹಾಲು ಅಮೃತ ಅನ್ನುವುದು ನಿಜ. ಆರು ತಿಂಗಳು ಬೇರೆ ಊಟ ಬೇಡ, ನೀರೂ ಬೇಡ. ಆದರೆ ಅದರಲ್ಲಿ ವಿಟಮಿನ್ ಡಿ ತುಂಬಾ ಕಡಿಮೆ. ಮಗುವಿಗೆ ದಿನಕ್ಕೆ 400 ಯೂನಿಟ್ ಬೇಕು. ಒಂದು ಲೀಟರ್ ಹಾಲಿನಲ್ಲಿ 100 ಕೂಡ ಸಿಗುವುದಿಲ್ಲ. ಅದಕ್ಕೇ ವರ್ಷದವರೆಗೆ ಡ್ರಾಪ್ಸ್ ಬರೆದುಕೊಡುವುದು.

ಬೇಲೂರು ದೊಡ್ಡಮ್ಮ: ಎಳೆಬಿಸಿಲಿಗೆ ಹಿಡಿದರೆ ಆಯಿತಲ್ಲ?

ನಾನು: ಎಳೆಬಿಸಿಲಿನಲ್ಲಿ ಡಿ ಕೊಡುವ ಕಿರಣ ಇಲ್ಲವೇನೋ ಅನ್ನುವಷ್ಟು ಕಡಿಮೆ. ಅದು ಜಾಸ್ತಿ ಇರುವುದು ನೆತ್ತಿ ಮೇಲಿನ ಬಿಸಿಲಿನಲ್ಲಿ. ಆ ಹೊತ್ತಿಗೆ ಪುಟ್ಟಿಯ ಎರಡೂವರೆ ತಿಂಗಳ ಕೂಸನ್ನು ಕುಲಾವಿ ಬಿಚ್ಚಿ ಅಂಗಳಕ್ಕೆ ತರುತ್ತೀರಾ?

ಅರಸೀಕೆರೆ ಮಾವ: ಹಾಗಾದರೆ ತಾಯಿ ಹಾಲಿನಲ್ಲೇ ದೋಷ ಅಂತೀಯಾ?

ನಾನು: ದೋಷ ಅಲ್ಲ ಮಾವ. ನನ್ನ ಮಗನ ವಿಷಯ ನಿಮಗೆ ಪೂರ್ತಿ ಗೊತ್ತಿಲ್ಲ. ಏಳು ತಿಂಗಳಾದರೂ ಅವನಿಗೆ ಬರೀ ಎದೆಹಾಲು. ಹಾಲು ಬೇಕಾದಷ್ಟಿತ್ತು, ಮಗು ಗುಂಡಗೇ ಇತ್ತು. ಎಂಟನೇ ತಿಂಗಳಲ್ಲಿ ನಗುವುದನ್ನು ಬಿಟ್ಟ. ಕೂರುತ್ತಿದ್ದವನು ವಾಲತೊಡಗಿದ. ಕೂದಲು ತೆಳ್ಳಗೆ, ಕೆಂಚಗೆ ಆಯಿತು. ಬೆರಳ ಗೆಣ್ಣುಗಳು ಕಪ್ಪಾದವು. ಒಂದು ರಾತ್ರಿ ಗಲ್ಲ, ಕೈ ನಡುಗಿದವು. ಚಳಿ ಅಂತ ಕಂಬಳಿ ಹೊದಿಸಿದೆವು! ರಕ್ತ ಪರೀಕ್ಷೆ ಮಾಡಿಸಿದರೆ ವಿಟಮಿನ್ ಬಿ12 ತೀರಾ ಕಡಿಮೆ. ಅವನದೂ, ನನ್ನದೂ. ಹಾಲಿಗೆ ಬಿ12 ಹೋಗುವುದು ತಾಯಿ ಮೈಯಿಂದ. ನನ್ನಲ್ಲೇ ಇರಲಿಲ್ಲ. ಅದು ಸಿಗುವ ಮಾಂಸ, ಮೊಟ್ಟೆ ನಮ್ಮಲ್ಲಿ ಇಲ್ಲ. ಇದ್ದಿದ್ದು ಹಾಲು, ಮೊಸರು. ಬಸುರಿಯಲ್ಲಿ ವಾಂತಿ ಅಂತ ಹಾಲು ಬಿಟ್ಟೆ. ಬಾಣಂತನದಲ್ಲಿ ಶೀತ ಅಂತ ಮೊಸರು, ಮಜ್ಜಿಗೆ ಬಿಡಿಸಿದರು. ಐದು ತಿಂಗಳು ಮೆಣಸಿನ ಸಾರು, ಅನ್ನ, ತುಪ್ಪ. ಇಂಜೆಕ್ಷನ್ ಶುರುವಾದ ನಾಲ್ಕನೇ ದಿನ ಅವನು ನನ್ನ ಮುಖ ನೋಡಿದ. ಅವತ್ತು ನಾನು ಎಷ್ಟು ಅತ್ತೆ ಅಂತ ಅಮ್ಮನಿಗೆ ಮಾತ್ರ ಗೊತ್ತು.

ಅರಸೀಕೆರೆ ಮಾವ: ಇಷ್ಟೆಲ್ಲಾ ಆಗಿದ್ದನ್ನು ಯಾಕೆ ಹೇಳಲಿಲ್ಲಮ್ಮ?

ಪುಟ್ಟಿ: ಅಕ್ಕ, ನನಗೂ ಮೊಸರು ಕೊಡುತ್ತಿಲ್ಲ.

ಬೇಲೂರು ದೊಡ್ಡಮ್ಮ: ಮಗುವಿಗೆ ನೆಗಡಿ ಆದರೆ ಯಾರು ನೋಡುವುದು?

ನಾನು: ತಾಯಿ ಮೊಸರು ತಿಂದರೆ ಮಗುವಿಗೆ ನೆಗಡಿ ಬರುವುದಿಲ್ಲ ದೊಡ್ಡಮ್ಮ. ಅಷ್ಟು ಭಯ ಇದ್ದರೆ ಬಿಸಿ ಹಾಲನ್ನಾದರೂ ಎರಡು ಲೋಟ ಕೊಡಿ. ಬಿ12 ಮಾತ್ರೆ ಬೇಕಾ ಅಂತ ಡಾಕ್ಟರನ್ನು ಕೇಳಿ. ಸುಮ್ನೆ ಪಥ್ಯ ಅಂತ ಅವಳನ್ನು ಬಡಕಲು ಮಾಡಬೇಡಿ.

ಅರಸೀಕೆರೆ ಮಾವ: ಕಬ್ಬಿಣದ ಸಿರಪ್ಪೂ ಈಗಲೇ ಹಾಕಬೇಕಾ?

ನಾನು: ತಿಂಗಳು ತುಂಬಿ ಹುಟ್ಟಿದ ಮಗು ಅಲ್ವಾ, ಈಗ ಬೇಡ. ಹೊಟ್ಟೆಯಿಂದ ತಂದ ಕಬ್ಬಿಣ ಸುಮಾರು ಆರು ತಿಂಗಳು ಬರುತ್ತದೆ. ಆಮೇಲೆ ರಾಗಿ ಸರಿ, ಬೇಳೆ, ಸೊಪ್ಪು. ಜೊತೆಗೆ ಆಶಾ ಕಾರ್ಯಕರ್ತೆ ಕೊಡುವ ಸಿರಪ್, ವಾರಕ್ಕೆ ಎರಡು ಸಲ 1 ಎಂಎಲ್. 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ರಾಜ್ಯದಲ್ಲಿ ಆರು ತಿಂಗಳಿಂದ ಐದು ವರ್ಷದ ನೂರು ಮಕ್ಕಳಲ್ಲಿ ಸುಮಾರು 65 ಮಕ್ಕಳಿಗೆ ರಕ್ತ ಕಡಿಮೆ ಇತ್ತು ಮಾವ. ಹಸುವಿನ ಹಾಲು ಕುಡಿಸುವುದಂತೂ ವರ್ಷ ತುಂಬಿದ ಮೇಲೆಯೇ.

ಬೇಲೂರು ದೊಡ್ಡಮ್ಮ: [ಫೋಟೊ] ಕನ್ನಡಕ ಸಿಗುತ್ತಿಲ್ಲ. ಇದರಲ್ಲಿ ಎಷ್ಟು ಅಂತ ಬರೆದಿದೆ?

ನಾನು: 1 ಎಂಎಲ್‌ಗೆ 800 ಯೂನಿಟ್. ಹಾಗಾದರೆ ದಿನಕ್ಕೆ ಅರ್ಧ ಎಂಎಲ್. ಕೆಲವು ಬಾಟಲಿಯಲ್ಲಿ 400 ಇರುತ್ತದೆ, ಬಾಟಲಿ ಬದಲಾದಾಗ ನೋಡಿಕೊಳ್ಳಿ. ಪುಟ್ಟಿ, ಡಾಕ್ಟರ್ ಚೀಟಿಯಲ್ಲೂ ಅಷ್ಟೇ ಇದೆಯಾ?

ಪುಟ್ಟಿ: ಹೌದಕ್ಕ, ಅರ್ಧ.

ಬೇಲೂರು ದೊಡ್ಡಮ್ಮ: ಹಾಕುತ್ತೇನೆ. ಹಾಲೂ ಕೊಡುತ್ತೇನೆ. ಮೊಸರು ಮಾತ್ರ ಮೂರು ತಿಂಗಳು ತುಂಬಲಿ.