ಚಳಿಗೆ ಬೆರಳು ಬೆಳ್ಳಗಾಗುತ್ತವೆ: ಗಾಳಕ್ಕೂ ಐಸಿಗೂ ಯಾವ ಗ್ಲೌಸ್?

ಕೋಡಿಬಾಗ ಗಾಳ

ಅಪ್ಪನಿಗೆ 54 ವರ್ಷ. ತಣ್ಣಗಿನದು ಏನು ಮುಟ್ಟಿದರೂ ಎರಡೂ ಕೈಯ ಬೆರಳು ತುದಿಯಿಂದ ಎರಡನೇ ಗೆಣ್ಣಿನವರೆಗೆ ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತವೆ. ಸ್ವಲ್ಪ ಹೊತ್ತಿಗೆ ನೀಲಿ, ಬೆಚ್ಚಗಾದ ಮೇಲೆ ಕೆಂಪಾಗಿ ಜುಮುಜುಮು. ಎರಡು ವರ್ಷದಿಂದ ಹೀಗೆ. ಡಾಕ್ಟರು ಒಮ್ಮೆ ನೋಡಿ ರೇನಾಡ್ (ಚಳಿಗೆ ಬೆರಳಿನ ರಕ್ತನಾಳ ಅತಿಯಾಗಿ ಬಿಗಿಯುವ ತೊಂದರೆ) ಎಂದಿದ್ದಾರೆ, ಕೈ ಬೆಚ್ಚಗಿಡಿ ಎಂದಷ್ಟೇ ಹೇಳಿ ಕಳಿಸಿದ್ದಾರೆ.

ಕೆಲಸ ಎರಡು ಥರ. ಡಿಸೆಂಬರಿನಿಂದ ಫೆಬ್ರವರಿವರೆಗೆ ಬೆಳಗಿನ ಜಾವ ಕಾಳಿ ಅಳಿವೆಯಲ್ಲಿ ರಾಡ್ ಹಿಡಿದು ಗಾಳ. ವಾರಕ್ಕೆ ಮೂರು ದಿನ ಬೈತಖೋಲ ಧಕ್ಕೆಯಲ್ಲಿ ಕ್ರೇಟಿಗೆ ಐಸ್ ಹಾಕಿ ಮೀನು ತುಂಬುವುದು. ಬೈಕಿನವರು ಹಾಕುವ ದಪ್ಪ ಗ್ಲೌಸ್ ಅರ್ಧ ಗಂಟೆಗೆ ಒದ್ದೆಯಾಗಿ ಮೊದಲಿಗಿಂತ ಹೆಚ್ಚು ತಣ್ಣಗಾಯಿತು. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸಿನಲ್ಲಿ ನೀರು ಬರುವುದಿಲ್ಲ, ಆದರೆ ಐಸಿನ ತಣ್ಣಗೆಲ್ಲ ಒಳಗೆ. ಎರಡೂ ಕೆಲಸಕ್ಕೆ ಆಗುವ ಒಂದೇ ಜೊತೆ ಇದೆಯೇ? ಯಾವ ದಪ್ಪ, ಯಾವ ಬಟ್ಟೆ?

ಬೈತಖೋಲ ಧಕ್ಕೆ

ಒಂದೇ ಜೊತೆಯ ಆಸೆ ಬಿಡಿ. ಐಸಿನ ಕೆಲಸಕ್ಕೆ ಬೇಕಾದ್ದು ರಾಡಿಗೆ ಬೇಡ, ರಾಡಿಗೆ ಬೇಕಾದ್ದು ಐಸಿನಲ್ಲಿ ಒಂದು ವಾರವೂ ಬಾಳುವುದಿಲ್ಲ.

ಕಾರವಾರದ ಚಳಿ ಎಂದರೆ ಎಷ್ಟು, ಬೆಳಗಿನ ಜಾವ ಹದಿನೆಂಟು-ಇಪ್ಪತ್ತು ಡಿಗ್ರಿ. ಒಣ ಕೈ ಇದನ್ನು ತಡೆದುಕೊಳ್ಳುತ್ತದೆ. ಒದ್ದೆಯಾದ ಕೂಡಲೇ ಲೆಕ್ಕ ಬೇರೆ. ಗಾಳಿಗಿಂತ ಸುಮಾರು 25 ಪಟ್ಟು ವೇಗದಲ್ಲಿ ನೀರು ಮೈಯ ಬಿಸಿ ಎಳೆಯುತ್ತದೆ. ಮೇಲಿಂದ ಘಟ್ಟದ ಕಡೆಯ ಮೂಡುಗಾಳಿ ಬೀಸಿದರೆ ಮಣ್ಣಿನ ಮಡಕೆಯೊಳಗಿನ ನೀರು ತಣ್ಣಗಾದ ಹಾಗೆ ಕೈಯೂ ತಣ್ಣಗಾಗುತ್ತದೆ. ಬೈಕಿನ ಗ್ಲೌಸಿನ ಒಳಗೆ ಸ್ಪಂಜಿನಂಥ ತುಂಬು ಇರುತ್ತದೆ, ಅದು ಹೀರಿದ ನೀರು ದಿನವಿಡೀ ಹೋಗುವುದಿಲ್ಲ. ಹತ್ತಿಯದೂ ಅಷ್ಟೇ.

ಧಕ್ಕೆಯ ಐಸ್ ಇನ್ನೂ ಕೆಟ್ಟದ್ದು. ಬರೀ ಐಸ್ ಕರಗುವಾಗ ಸೊನ್ನೆ ಡಿಗ್ರಿ. ಉಪ್ಪುನೀರು ಸೇರಿದರೆ ಅದಕ್ಕಿಂತ ಕೆಳಗಿಳಿಯುತ್ತದೆ. ಕ್ರೇಟಿನ ತಳದಲ್ಲಿ ಮೀನಿನ ನೀರು, ಸಮುದ್ರದ ನೀರು, ಐಸ್ ಪುಡಿ ಮೂರೂ ಕಲೆತ ಕೆಸರಿನಂಥದು ಇರುತ್ತದಲ್ಲ, ಅದರಲ್ಲಿ ಕೈ ಹಾಕುವುದೇ ಅಪ್ಪನ ಬೆರಳಿಗೆ ದೊಡ್ಡ ಪೆಟ್ಟು.

ಆದ್ದರಿಂದ ಧಕ್ಕೆಗೆ ಎರಡು ಪದರ. ಒಳಗೆ ಉಣ್ಣೆಯದೋ ಅಕ್ರಿಲಿಕ್‌ದೋ ತೆಳ್ಳನೆ ಹೆಣಿಗೆಯ ಗ್ಲೌಸ್. ಹೊರಗೆ ಒಂದು ಸೈಜ್ ದೊಡ್ಡದಾದ, ಕೈ ಪೂರ್ತಿ ನೈಟ್ರೈಲ್ (ಒಂದು ಬಗೆಯ ಕೃತಕ ರಬ್ಬರ್) ಅಥವಾ ಪಿವಿಸಿಯಲ್ಲಿ ಅದ್ದಿದ ಉದ್ದ ತೋಳಿನ ಗ್ಲೌಸ್, ಮೊಣಕೈ ಹತ್ತಿರ ಬರುವಂಥದು. ಅಂಗೈಗೆ ಮಾತ್ರ ಅದ್ದಿ ಹಿಂಗೈ ಬಟ್ಟೆಯಾಗಿಯೇ ಇರುವವು ಎಲ್ಲ ಅಂಗಡಿಯಲ್ಲೂ ಸಿಗುತ್ತವೆ, ಸಿಮೆಂಟಿನ ಕೆಲಸಕ್ಕೆ ಒಳ್ಳೆಯವು, ಇದಕ್ಕೆ ಬೇಡ. ಲೇಟೆಕ್ಸ್ ಮೆತ್ತಗಿರುತ್ತದೆ, ಆದರೆ ಡೀಸೆಲ್ ಮತ್ತು ಮೀನಿನ ಎಣ್ಣೆ ತಾಗಿದರೆ ಊದಿ ಜಿಗುಟಾಗುತ್ತದೆ. ನೈಟ್ರೈಲ್ ತಡೆಯುತ್ತದೆ.

ಒಳ ಗ್ಲೌಸ್ ಒಂದೇ ಜೊತೆ ಸಾಲದು, ಮೂರು ಬೇಕು. ನೀರು ಬಿಡದ ಗ್ಲೌಸಿನಲ್ಲಿ ಬೆವರಿಗೂ ದಾರಿ ಇಲ್ಲ, ಗಂಟೆ ಒಂದೂವರೆಯಲ್ಲಿ ಒಳಗಿನದು ತೇವವಾಗುತ್ತದೆ. ಇನ್ನೆರಡು ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಂಗಿಯೊಳಗೆ ಇಟ್ಟುಕೊಂಡರೆ ಬದಲಿಸುವಾಗ ಬೆಚ್ಚಗೂ ಇರುತ್ತವೆ. ಜನ ಬಿಟ್ಟುಬಿಡುವುದು ಇದೊಂದನ್ನೇ, ಆಮೇಲೆ ಗ್ಲೌಸ್ ಸರಿಯಿಲ್ಲ ಎಂದು ಬೈಯುವುದು.

ಹೊರಗಿನದರ ಮೇಲೆ ಹಿಮದ ಹೂವಿನ ಗುರುತು, ಅದರ ಕೆಳಗೆ ಮೂರು ಅಂಕಿ ಇದ್ದರೆ ಅದು ಇಎನ್ 511, ಚಳಿಯ ಗ್ಲೌಸಿಗೆ ಯುರೋಪಿನವರು ಮಾಡಿದ ಮಾನಕ. ಮೊದಲಂಕಿ ತಣ್ಣನೆ ಗಾಳಿಗೆ, ಎರಡನೆಯದು ತಣ್ಣನೆ ವಸ್ತು ಮುಟ್ಟುವುದಕ್ಕೆ, ಎರಡೂ 0ಯಿಂದ 4ರವರೆಗೆ. ಮೂರನೆಯದು ನೀರಿಗೆ: 1 ಇದ್ದರೆ ಬಿಡುವುದಿಲ್ಲ, 0 ಇದ್ದರೆ ಬಿಡುತ್ತದೆ, ಎಕ್ಸ್ ಇದ್ದರೆ ಪರೀಕ್ಷಿಸಿಯೇ ಇಲ್ಲ. ನಿಮಗೆ ನಡುವಿನ ಅಂಕಿ ಮುಖ್ಯ, 2ಕ್ಕೆ ಕಡಿಮೆ ಬೇಡ. ಕೊನೆಯದು 1 ಇರಲೇಬೇಕು.

ತದಡಿ ತಂಗೂಸಿ

ಧಕ್ಕೆಯವರು ಐಸಿಗೆ ಹೇಳಿದ್ದು ಸರಿ. ರಾಡಿಗೆ ಅದನ್ನು ಹಾಕಿದರೆ ಮೀನು ಕಚ್ಚಿದ್ದೇ ಬೆರಳಿಗೆ ಗೊತ್ತಾಗುವುದಿಲ್ಲ. ಅಲ್ಲಿಗೆ ನಿಯೋಪ್ರೀನ್ (ಗಾಳಿಗುಳ್ಳೆ ತುಂಬಿದ ಮೆತ್ತನೆ ರಬ್ಬರು), 2 ಮಿಲಿಮೀಟರ್ ದಪ್ಪ. 3ಕ್ಕೆ ಹೋದರೆ ಮುಷ್ಟಿ ಕಟ್ಟುವಾಗಲೆಲ್ಲ ರಬ್ಬರು ವಾಪಸ್ ಬಿಚ್ಚುತ್ತದೆ. ಹಿಡಿ ಬಿಗಿ ಮಾಡಿ ಮಾಡಿ ಕೈ ಸೋಲುತ್ತದೆ, ಬಿಗಿ ಹಿಡಿದ ಬೆರಳಿಗೆ ರಕ್ತವೂ ಕಡಿಮೆ ಹೋಗುತ್ತದೆ. ರಕ್ತ ಓಡಾಟ ಕಮ್ಮಿ ಇರುವವರಿಗೆ ದಪ್ಪದ ಮೋಹ ತಿರುಗುಬಾಣ.

ನಿಯೋಪ್ರೀನಿನಲ್ಲೂ ಎರಡು ಥರ. ಹೊರಮೈಗೆ ಬಟ್ಟೆ ಅಂಟಿಸಿದ್ದು ಬಾಳಿಕೆ ಬರುತ್ತದೆ, ಆದರೆ ಆ ಬಟ್ಟೆ ನೀರು ಹಿಡಿದು ಗಾಳಿಗೆ ಆರುತ್ತ ತಣ್ಣಗಾಗುತ್ತದೆ. ನುಣುಪು ಮೈಯದು ನೀರನ್ನು ಕೆಸುವಿನ ಎಲೆಯ ಹಾಗೆ ಜಾರಿಸುತ್ತದೆ, ಗಾಳಿಯನ್ನೂ ತಡೆಯುತ್ತದೆ, ಆದರೆ ಉಗುರು ತಾಗಿದರೂ ಹರಿಯುತ್ತದೆ. ಹಿಂಗೈ ನುಣುಪು, ಅಂಗೈ ಬಟ್ಟೆ ಅಥವಾ ತೆಳು ರಬ್ಬರಿನದು ಸಿಕ್ಕರೆ ಅದೇ ತಗೊಳ್ಳಿ. ಹೊಲಿಗೆ ತಿರುಗಿಸಿ ನೋಡಿ: ದಾರ ಎರಡೂ ಬದಿಗೆ ಕಾಣುತ್ತಿದ್ದರೆ ಸೂಜಿಯ ತೂತು ಆಚೆಗೆ ದಾಟಿದೆ, ನೀರು ಬರುತ್ತದೆ. ಅಂಟು ಹಚ್ಚಿ ಒಂದೇ ಬದಿಯಿಂದ ಹೊಲಿದದ್ದು ಬೇಕು.

ಗಾಳದವರು ಇಷ್ಟಪಡುವುದು ಹೆಬ್ಬೆರಳು, ತೋರುಬೆರಳು ತೆರೆದಿರುವ ಗ್ಲೌಸ್. ಅಪ್ಪನಿಗೆ ಅದು ಬೇಡವೇ ಬೇಡ. ಬೆಳ್ಳಗಾಗುವುದು ಬೆರಳ ತುದಿಯೇ ಅಲ್ಲವೇ, ಅದನ್ನೇ ಹೊರಗೆ ಬಿಟ್ಟರೆ ಉಳಿದದ್ದನ್ನು ಮುಚ್ಚಿ ಏನು ಬಂತು? ಅದರ ಬದಲು ಗ್ಲೌಸ್ ತೆಗೆಯುವ ಪ್ರಸಂಗವನ್ನೇ ಕಡಿಮೆ ಮಾಡಿ. ಹಿಂದಿನ ರಾತ್ರಿ ಮನೆಯಲ್ಲೇ ಗಾಳ ಕಟ್ಟಿದ ತಂಗೂಸಿ (ನೈಲಾನ್ ದಾರ) ತುಂಡು ಎಂಟು-ಹತ್ತು ಮಾಡಿ, ತಲಾ ಎರಡು ಅಡಿ, ತುದಿಗೆ ಕುಣಿಕೆ ಹಾಕಿ ಥರ್ಮಾಕೋಲ್ ತುಂಡಿಗೆ ಸುತ್ತಿಡಿ. ಮುಖ್ಯ ಲೈನಿನ ತುದಿಗೆ ದೊಡ್ಡ ಸ್ನ್ಯಾಪ್ ಸ್ವಿವೆಲ್, ಅಂದರೆ ತೆರೆದು ಮುಚ್ಚುವ, ತಿರುಗುವ ಕೊಂಡಿ. ಸಣ್ಣದು ಗ್ಲೌಸಿನಲ್ಲಿ ತೆರೆಯಲು ಬರುವುದಿಲ್ಲ. ಗಾಳ ಕಲ್ಲಿಗೆ ಸಿಕ್ಕಿ ಹರಿದರೆ ಸ್ನ್ಯಾಪ್ ತೆರೆದು ಹೊಸ ಕುಣಿಕೆ ಸಿಗಿಸುವುದು, ಅಷ್ಟೇ.

ಸಿಗಡಿ ಸಿಕ್ಕಿಸುವುದಕ್ಕೆ, ಮೀನಿನ ಬಾಯಿಂದ ಗಾಳ ಬಿಡಿಸುವುದಕ್ಕೆ ಉದ್ದ ಮೂತಿಯ ಇಕ್ಕಳ. ಮೀನು ಹಿಡಿದ ಕೈ ಒರೆಸಲು ಸೊಂಟಕ್ಕೊಂದು ಟವೆಲ್. ಬ್ರೇಡ್ ಲೈನನ್ನು (ಎಳೆ ಹೆಣೆದ ತೆಳು ದಾರ) ಮಾತ್ರ ಗ್ಲೌಸಿಗೆ ಸುತ್ತಿ ಎಳೆಯಬಾರದು, ನಿಯೋಪ್ರೀನ್ ಕತ್ತರಿಸಿ ಬೆರಳಿಗೇ ಹೋಗುತ್ತದೆ. ಕಲ್ಲಿಗೆ ಸಿಕ್ಕಿದರೆ ಮರದ ತುಂಡಿಗೆ ಸುತ್ತಿ ಎಳೆಯಲಿ.

ಶಿರಸಿ ಕಾಂಪೌಂಡರ್

ಗ್ಲೌಸ್ ತನ್ನಷ್ಟಕ್ಕೆ ಬಿಸಿ ಹುಟ್ಟಿಸುವುದಿಲ್ಲ, ಕೈಗೆ ಬಂದ ಬಿಸಿಯನ್ನು ಹಿಡಿದಿಡುತ್ತದೆ. ಆ ಬಿಸಿ ರಕ್ತದಿಂದಲೇ ಬರಬೇಕು. ಮೈ ತಣ್ಣಗಾದರೆ ದೇಹ ಮೊದಲು ಕೈಕಾಲಿನ ರಕ್ತನಾಳ ಬಿಗಿ ಮಾಡುತ್ತದೆ. ರೇನಾಡ್‌ನಲ್ಲಿ ಆ ಬಿಗಿಯುವಿಕೆ ಅತಿಯಾಗಿರುತ್ತದೆ. ಹಾಗಾಗಿ ಎದೆ, ಕುತ್ತಿಗೆ, ತಲೆ ಬೆಚ್ಚಗಿರಲಿ: ಅಂಗಿಯ ಒಳಗೊಂದು ಉಣ್ಣೆಯದು, ಮೇಲೆ ಗಾಳಿ ತಡೆಯುವ ರೇನ್‌ಕೋಟು, ಕಿವಿ ಮುಚ್ಚುವ ಟೊಪ್ಪಿ. ಮಣಿಕಟ್ಟಿನಲ್ಲಿ ರಕ್ತನಾಳ ಚರ್ಮದ ಅಡಿಯಲ್ಲೇ ಓಡುತ್ತದೆ. ಹಳೆಯ ಉಣ್ಣೆ ಸಾಕ್ಸಿನ ಮೇಲ್ಭಾಗ ನಾಲ್ಕು ಇಂಚು ಕತ್ತರಿಸಿ ಅಲ್ಲಿ ತೊಡಿಸಿ. ಮನೆಯಿಂದ ಹೊರಡುವ ಮೊದಲೇ ಗ್ಲೌಸ್ ಹಾಕಲಿ, ಬೆರಳು ಬೆಳ್ಳಗಾದ ಮೇಲೆ ಹಾಕಿದರೆ ತಣ್ಣಗಿನದನ್ನೇ ಒಳಗೆ ಕಟ್ಟಿಟ್ಟ ಹಾಗೆ.

ನೀರು ಬರಬಾರದೆಂದು ಮಣಿಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕುವ ಚಾಳಿ ಧಕ್ಕೆಯಲ್ಲಿ ಇದೆ. ಇವರಿಗೆ ಅದು ನಿಷಿದ್ಧ. ಉಂಗುರವನ್ನೂ ಮನೆಯಲ್ಲೇ ಬಿಡಲಿ.

ಬೆಳ್ಳಗಾದರೆ: ಕೆಲಸ ನಿಲ್ಲಿಸಿ, ಗ್ಲೌಸ್ ತೆಗೆದು ಕೈ ಕಂಕುಳಲ್ಲಿ ಇಟ್ಟುಕೊಳ್ಳುವುದು, ಇಲ್ಲವೇ ತೋಳನ್ನು ಭುಜದಿಂದ ದೊಡ್ಡ ಸುತ್ತು ಬೀಸುವುದು. ನೀರಾದರೆ ಉಗುರುಬೆಚ್ಚಗಿನದು, ಮೊಣಕೈಗೆ ಹಿತವಾಗುವಷ್ಟು ಮಾತ್ರ. ಸ್ಪರ್ಶ ಸತ್ತ ಬೆರಳನ್ನು ಇಂಜಿನ್ನಿನ ಪೈಪಿಗೋ ಬೆಂಕಿಗೋ ಹಿಡಿದರೆ ಸುಟ್ಟದ್ದು ಆಮೇಲೆ ಗೊತ್ತಾಗುತ್ತದೆ. ಕಬ್ಬಿಣದ ಪುಡಿಯ ಬಿಸಿ ಪೊಟ್ಟಣ ಗಾಳಿ ಇಲ್ಲದೆ ಬಿಸಿಯಾಗುವುದಿಲ್ಲ, ಒದ್ದೆಯಾದರೆ ಮುಗಿಯಿತು. ಅದನ್ನು ಗ್ಲೌಸಿಗೆ ತುರುಕದೆ ಕಿಸೆಯಲ್ಲಿ, ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಳ್ಳಲಿ.

ಬೀಡಿ, ಕವಳದೊಳಗಿನ ತಂಬಾಕು ಎರಡೂ ರಕ್ತನಾಳ ಬಿಗಿಸುತ್ತವೆ. ಧಕ್ಕೆಯಲ್ಲಿ ಚಳಿಗೆಂದು ಬೀಡಿ ಹಚ್ಚುವುದು ಉಲ್ಟಾ ಕೆಲಸ. ಬಿಸಿ ಗಂಜಿಯೋ ಕಷಾಯವೋ ಇರಲಿ.

ಇನ್ನೊಂದು, ಇದನ್ನು ಗ್ಲೌಸಿಗಿಂತ ಮೊದಲು ಮಾಡಿ. ತಾನಾಗಿ ಬರುವ ರೇನಾಡ್ ಸಾಮಾನ್ಯವಾಗಿ ಚಿಕ್ಕ ವಯಸ್ಸಿನಲ್ಲೇ ಶುರುವಾಗುತ್ತದೆ. ಐವತ್ತು ದಾಟಿ ಹೊಸದಾಗಿ ಬಂದರೆ ಹಿಂದೆ ಬೇರೆ ಕಾರಣ ಇದೆಯೇ ಎಂದು ಫಿಸಿಶಿಯನ್ ಹತ್ತಿರ ನೋಡಿಸಲೇಬೇಕು. ಬೇರೆ ಕಾಯಿಲೆ ಇರಬಹುದು, ವರ್ಷಗಟ್ಟಲೆ ಅದುರುವ ಯಂತ್ರ ಹಿಡಿದದ್ದಿರಬಹುದು, ಬಿಪಿಯ ಮಾತ್ರೆ ಇರಬಹುದು. ಅಟೆನೊಲಾಲ್, ಪ್ರೊಪ್ರನೊಲಾಲ್ ಜಾತಿಯವು ಕೈ ತಣ್ಣಗೆ ಮಾಡುತ್ತವೆ. ತಾವಾಗಿ ನಿಲ್ಲಿಸುವುದು ಬೇಡ, ಚೀಟಿ ತೋರಿಸಿ ಕೇಳಿ. ಬೆರಳ ತುದಿಯಲ್ಲಿ ಮಾಯದ ಹುಣ್ಣು, ಕಪ್ಪು ಚುಕ್ಕೆ, ಅಥವಾ ಒಂದೇ ಕೈಗೆ ಹೀಗಾಗುವುದು ಕಂಡರೆ ಕಾಯಬೇಡಿ.

ಕೋಡಿಬಾಗ ಗಾಳ

ಬಿಪಿ ಮಾತ್ರೆ ಇದೆ, ಹೆಸರು ನೋಡುತ್ತೇನೆ. ಅಪಾಯಿಂಟ್‌ಮೆಂಟ್ ಸೋಮವಾರಕ್ಕೆ ತಗೊಂಡಾಯ್ತು. ಅಂಗೈ ಸುತ್ತಳತೆ 22 ಸೆಂಟಿಮೀಟರ್ ಬಂತು. ಸೈಜ್ ಯಾವುದು? ಮತ್ತೆ ತೂತು ಬಿದ್ದದ್ದು ಗೊತ್ತಾಗುವುದು ಹೇಗೆ, ಅಪ್ಪನಿಗೆ ಬೆರಳಲ್ಲಿ ಅಷ್ಟು ತಿಳಿಯುವುದಿಲ್ಲ.

ಬೈತಖೋಲ ಧಕ್ಕೆ

ಹೆಬ್ಬೆರಳು ಬಿಟ್ಟು, ಗೆಣ್ಣಿನ ಕೆಳಗೆ ಅಳೆದದ್ದಾದರೆ ಸರಿ. 8 ಎಂದರೆ ಸುಮಾರು 20 ಸೆಂಟಿಮೀಟರ್, 9 ಎಂದರೆ 23, 10 ಎಂದರೆ 25 ಚಿಲ್ಲರೆ. ಒಳಗಿನದು 9, ಹೊರಗಿನದು 10. ನಿಯೋಪ್ರೀನ್ ಒಂಟಿಯಾಗಿ ಹಾಕುವುದು, ಅದೂ 9. ಹಾಕಿ ಹತ್ತು ಸಲ ಮುಷ್ಟಿ ಕಟ್ಟಿ ಬಿಡಲಿ. ಬೆರಳ ತುದಿಯಲ್ಲಿ ಅಕ್ಕಿಕಾಳಿನಷ್ಟು ಜಾಗ ಉಳಿಯಬೇಕು, ಬೆರಳಸಂದಿ ಬಿಗಿಯಬಾರದು. ತೆಗೆದ ಮೇಲೆ ಉಗುರು ಒತ್ತಿ ಬಿಟ್ಟರೆ ಎರಡು ಸೆಕೆಂಡಿನಲ್ಲಿ ಕೆಂಪು ವಾಪಸ್ ಬರಬೇಕು. ತಡವಾದರೆ ಗ್ಲೌಸ್ ಬಿಗಿ. ಬೆರಳು ಬೆಚ್ಚಗಿರುವಾಗಲೇ ಇದನ್ನು ನೋಡಿ, ತಣ್ಣಗಿದ್ದಾಗ ಅರ್ಥವಿಲ್ಲ.

ತೂತಿಗೆ: ತೋಳಿನ ಬಾಯಿ ಮುಚ್ಚಿ ಸುರುಳಿ ಸುತ್ತುತ್ತ ಬನ್ನಿ, ಬೆರಳುಗಳು ಉಬ್ಬುತ್ತವೆ, ಹಾಗೇ ಬಕೆಟಿನಲ್ಲಿ ಮುಳುಗಿಸಿ. ಗುಳ್ಳೆ ಎದ್ದಲ್ಲಿ ತೂತು. ಹೆಚ್ಚಾಗಿ ಹೆಬ್ಬೆರಳು-ತೋರುಬೆರಳ ನಡುವೆ, ಸಿಗಡಿಯ ತಲೆಮುಳ್ಳು ಚುಚ್ಚುವ ಜಾಗದಲ್ಲಿ. ಪ್ರತಿ ಕೆಲಸದ ಹಿಂದಿನ ರಾತ್ರಿ ಮಾಡಿ. ಅಂಟು ಹಚ್ಚಿ ಮುಚ್ಚುವ ಗೋಜು ಬೇಡ, ಐಸಿನಲ್ಲಿ ಬಿರುಸಾಗಿ ಕಿತ್ತುಬರುತ್ತದೆ. ಗ್ಲೌಸ್ ತೆಗೆದ ಕೂಡಲೇ ಬೆರಳುಗಳನ್ನು ಕಣ್ಣಲ್ಲಿ ನೋಡುವ ಅಭ್ಯಾಸ ಮಾಡಿಸಿ. ಮರಗಟ್ಟಿದ ಕೈಗೆ ಮುಳ್ಳು ಹೋದದ್ದು ತಿಳಿಯುವುದಿಲ್ಲ, ಮೀನಿನ ಮುಳ್ಳಿನ ಗಾಯ ಬೇಗ ಕೀವಾಗುತ್ತದೆ.

ಸಿಹಿನೀರಲ್ಲಿ ತೊಳೆದು, ಒಳಗಿನದನ್ನು ಹೊರಗೆ ಮಾಡಿ ನೆರಳಲ್ಲಿ ಆರಿಸಿ. ಬಿಸಿಲಿಗೆ ನಿಯೋಪ್ರೀನ್ ಬಿರಿಯುತ್ತದೆ.

ಒಂದು ಬಿಟ್ಟುಹೋಯಿತು. ದೊಡ್ಡ ಸೈಜಿನ ಆ ಹೊರ ಗ್ಲೌಸ್ ಹಾಕಿಕೊಂಡು ವಿಂಚ್ (ಹಗ್ಗ ಸುತ್ತಿ ಎಳೆಯುವ ಯಂತ್ರ) ಹತ್ತಿರ, ಓಡುವ ಹಗ್ಗದ ಹತ್ತಿರ ಕೈ ಒಯ್ಯಬಾರದು. ಸಡಿಲ ತುದಿ ಹಗ್ಗದಡಿ ಸಿಕ್ಕಿದರೆ ಕೈಯೂ ಜೊತೆಗೆ ಹೋಗುತ್ತದೆ. ಕ್ರೇಟ್ ಮೇಲೆತ್ತುವ ಸರದಿ ಬಂದರೆ ಅದನ್ನು ಬೇರೆಯವರಿಗೆ ಬಿಟ್ಟು ಅಪ್ಪ ಐಸಿನ ಸಲಿಕೆ ಹಿಡಿಯಲಿ.