ಕ್ರೂಸ್ ಹಡಗಿಗೆ ಬಾಟಲಿ ಒಯ್ಯಬಹುದಾ? ಅಮ್ಮನ ಸೀರೆ ಎಲ್ಲಿ ಒಗೆಯೋದು?

ರಾಯಚೂರು_ಬಿಸಿಲು:

ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ಹೈದರಾಬಾದಿನಿಂದ ಸಿಂಗಾಪುರಕ್ಕೆ ಹೋಗಿ ಅಲ್ಲಿ ರಾಯಲ್ ಕೆರಿಬಿಯನ್ ಹಡಗು ಹತ್ತುತ್ತಿದ್ದೇವೆ. ನಾಲ್ಕು ರಾತ್ರಿ, ಮಲೇಷ್ಯಾದ ಪೆನಾಂಗ್ ಮತ್ತು ಥಾಯ್ಲೆಂಡಿನ ಫುಕೆಟ್. ನಾನು, ಹೆಂಡತಿ, ಅಮ್ಮ, ಷಡ್ಡಕ, ನಾದಿನಿ, ಒಟ್ಟು ಐದು ಜನ. ನಮ್ಮ ಮನೆಯಲ್ಲಿ ಇದುವರೆಗೆ ನೀರಿನ ಮೇಲೆ ಹೋಗಿದ್ದು ಅಂದರೆ ಕುರುವಪುರಕ್ಕೆ ಕೃಷ್ಣಾ ದಾಟುವ ಹರಿಗೋಲಿನಲ್ಲಿ ಮಾತ್ರ, ಹಾಗಾಗಿ ದಡ್ಡ ಪ್ರಶ್ನೆ ಅನಿಸಿದರೆ ಕ್ಷಮಿಸಿ.

ಒಂದು, ನನ್ನ ಷಡ್ಡಕರಿಗೆ ರಾತ್ರಿ ಊಟಕ್ಕೆ ಮುಂಚೆ ಎರಡು ಪೆಗ್ ಬೇಕೇ ಬೇಕು. ಹಡಗಿನ ಬಾರ್ ರೇಟ್ ನೋಡಿ ಅವರಿಗೆ ತಲೆ ತಿರುಗಿದೆ. ಈಗ ನೀರಿನ ಬಾಟಲಿಗೆ ವೋಡ್ಕಾ ತುಂಬಿಕೊಂಡು ಹೋಗೋಣ, ಬಣ್ಣ ಒಂದೇ ಅಲ್ವಾ, ಯಾರಿಗೆ ಗೊತ್ತಾಗುತ್ತೆ ಅನ್ನುತ್ತಿದ್ದಾರೆ. ನನಗೆ ಭಯ. ಸಿಕ್ಕಿಬಿದ್ದರೆ ಹಡಗು ಹತ್ತಿಸದೆ ವಾಪಸ್ ಕಳಿಸಿಬಿಟ್ಟರೆ?

ಎರಡು, ಅಮ್ಮನದು. ಅವರು ದಿನಾ ಮಡಿಯಲ್ಲೇ ಇರುವವರು. ತಾವೇ ಒಗೆದು ತಾವೇ ಒಣಹಾಕಿದ ಸೀರೆ ಉಟ್ಟರೆ ಮಾತ್ರ ಪೂಜೆ, ಪೂಜೆ ಆದರೆ ಮಾತ್ರ ಕಾಫಿ. ಲಾಂಡ್ರಿಗೆ ಕೊಡುವ ಮಾತೇ ಇಲ್ಲ. ಹಗ್ಗ ಕಟ್ಟಿ ಒಣಗಿಸಿಕೊಳ್ಳಲಿ ಅಂತಲೇ ಜಾಸ್ತಿ ದುಡ್ಡು ಕೊಟ್ಟು ಬಾಲ್ಕನಿ ರೂಮು ಬುಕ್ ಮಾಡಿದ್ದೇನೆ. ಇಸ್ತ್ರಿ ಪೆಟ್ಟಿಗೆ ಒಯ್ಯಬಹುದಾ? ತುಪ್ಪದ ಬತ್ತಿ, ಕರ್ಪೂರವನ್ನೂ ಈಗಲೇ ಡಬ್ಬಿಗೆ ಹಾಕಿ ಇಟ್ಟಿದ್ದಾರೆ. ತಿಳಿದವರು ಹೇಳಿ.

ಕೊಪ್ಪಳ_ಗವಿಮಠ_ರೋಡ್:

ಅಣ್ಣಾ, ಮೊದಲು ನಿಮ್ಮ ಷಡ್ಡಕರ ಕೈಯಿಂದ ಆ ನೀರಿನ ಬಾಟಲಿ ಕಸಿದುಕೊಳ್ಳಿ. ಯಾಕೆ ಅಂತ ನನ್ನ ಕಥೆ ಕೇಳಿ.

ಎರಡು ವರ್ಷದ ಹಿಂದೆ ನಾವು ನಾಲ್ಕು ಜನ ಗೆಳೆಯರು ಕ್ರೂಸಿಗೆ ಹೋಗಿದ್ದೆವು. ಯಾವ ಕಂಪನಿ ಅಂತ ಹೇಳಲ್ಲ, ತಪ್ಪು ನಮ್ಮದೇ. ಶಾಂಪೂ ಬಾಟಲಿ ಚೆನ್ನಾಗಿ ತೊಳೆದು ರಮ್ ತುಂಬಿ ಸೂಟ್‌ಕೇಸಿನಲ್ಲಿ ಬಟ್ಟೆ ನಡುವೆ ಇಟ್ಟಿದ್ದೆವು. ಬಂದರಿನಲ್ಲಿ ಸೂಟ್‌ಕೇಸ್ ತಗೊಂಡು ಟ್ಯಾಗ್ ಹಾಕುತ್ತಾರೆ, ಆಮೇಲೆ ಅವರೇ ರೂಮಿನ ಬಾಗಿಲಿಗೆ ತಂದು ಇಡುತ್ತಾರೆ. ಎಲ್ಲರದೂ ಬಂತು, ನನ್ನದು ಬರಲಿಲ್ಲ. ಏಳು ಗಂಟೆ ಆಯಿತು, ಎಂಟು ಆಯಿತು. ಬೆವರು ನಾರುವ ಅದೇ ಟೀ ಶರ್ಟಿನಲ್ಲಿ ಊಟಕ್ಕೆ ಹೋದೆ, ಸುತ್ತ ಎಲ್ಲರೂ ಕೋಟು ಹಾಕಿದ್ದರು. ಆಮೇಲೆ ಕೆಳಗಿನ ಡೆಕ್ಕಿನ ಒಂದು ರೂಮಿಗೆ ಕರೆದರು. ಹೋಗಿ ನೋಡಿದರೆ ನನ್ನ ಹಾಗೆಯೇ ತಲೆ ತಗ್ಗಿಸಿ ನಿಂತವರ ಸಾಲು. ಸೆಕ್ಯೂರಿಟಿಯವನು ನಗುತ್ತಲೇ ಬೀಗ ತೆಗೆಸಿ, ಶಾಂಪೂ ಮುಚ್ಚಳ ತಿರುವಿ, ಮೂಸಿ, ಪಕ್ಕದ ಡ್ರಮ್ಮಿಗೆ ಸುರಿದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ಬಾಟಲಿಗೆ ಮತ್ತೆ ಶಾಂಪೂ ಹಾಕಿ ತಲೆ ತೊಳೆದುಕೊಳ್ಳೋಣ ಅಂದರೆ ಮೂರು ದಿನ ರಮ್ಮಿನದೇ ವಾಸನೆ.

ನೀರಿನ ಬಾಟಲಿ ಉಪಾಯವಂತೂ ತುಂಬಾ ಹಳೆಯದು. ಇದೇ ಕಾಟಕ್ಕೆ ಕಾರ್ನಿವಲ್ ಕಂಪನಿ 2015ರಲ್ಲಿ ಹೊರಗಿನ ನೀರಿನ ಬಾಟಲಿಯನ್ನೇ ನಿಲ್ಲಿಸಿತು, ಪಾನೀಯ ಬೇಕಿದ್ದರೆ ಕ್ಯಾನ್‌ನಲ್ಲಿ ತನ್ನಿ ಅಂದಿತು.

ಈಗ ನಿಮ್ಮ ಹಡಗಿನ ವಿಷಯ. ರಾಯಲ್ ಕೆರಿಬಿಯನ್‌ನಲ್ಲಿ ಕುಡಿಯುವ ವಯಸ್ಸಾದ ಒಬ್ಬೊಬ್ಬರಿಗೆ ಒಂದು ಬಾಟಲಿ ವೈನ್ ಅಥವಾ ಶಾಂಪೇನ್ ಒಯ್ಯಲು ಬಿಡುತ್ತಾರೆ. 750 ಮಿಲಿ, ಸೀಲ್ ಒಡೆದಿರಬಾರದು, ಹತ್ತುವ ಮೊದಲ ದಿನ ಮಾತ್ರ. ಕೈಚೀಲದಲ್ಲಿ ಇಟ್ಟುಕೊಂಡು ಹೋಗಿ, ಅವರಿಗೆ ಕೊಡುವ ಸೂಟ್‌ಕೇಸಿನಲ್ಲಿ ಅಲ್ಲ. ರಮ್, ವಿಸ್ಕಿ, ವೋಡ್ಕಾ, ಬಿಯರ್ ಯಾವುದೂ ಇಲ್ಲ. ಆ ವೈನನ್ನು ರೂಮಿನಲ್ಲಿ ಕುಡಿದರೆ ಖರ್ಚಿಲ್ಲ, ಊಟದ ಹಾಲಿಗೆ ತಂದರೆ ಬಾಟಲಿ ತೆಗೆಯುವ ಚಾರ್ಜು ಹಾಕುತ್ತಾರೆ. ಹತ್ತುವಾಗ ಕಿತ್ತುಕೊಂಡ ಬಾಟಲಿ ವಾಪಸ್ ಸಿಗಲ್ಲ. ಆದರೆ ದಾರಿಯಲ್ಲಿ ಪೆನಾಂಗ್, ಫುಕೆಟ್‌ನಲ್ಲಿ ಕೊಂಡು ತಂದದ್ದು ಬೇರೆ ಲೆಕ್ಕ, ಅದನ್ನು ಇಸ್ಕೊಂಡು ಚೀಟಿ ಕೊಟ್ಟು ಕೊನೆಗೆ ಕೊಡುತ್ತಾರೆ.

ಡ್ರಿಂಕ್ಸ್ ಪ್ಯಾಕೇಜ್ ಅಂತ ಆ್ಯಪಿನಲ್ಲಿ ಕಾಣುತ್ತೆ, ಮರುಳಾಗಬೇಡಿ. ಮದ್ಯದ ಪ್ಯಾಕೇಜನ್ನು ಒಂದು ರೂಮಿನಲ್ಲಿ ಒಬ್ಬರು ತಗೊಂಡರೆ ಅದೇ ರೂಮಿನ ಇನ್ನೊಬ್ಬ ದೊಡ್ಡವರೂ ತಗೋಬೇಕು. ನಿಮ್ಮ ನಾದಿನಿ ಕುಡಿಯಲ್ಲ ಅಂದರೆ ಎರಡು ಪೆಗ್ಗಿನ ಮನುಷ್ಯನಿಗೆ ಅದು ಶುದ್ಧ ದಂಡ. ಬಿಡಿಯಾಗಿ ಕೊಂಡು ಕುಡಿಯಲಿ, ಬಿಲ್ಲಿನ ಮೇಲೆ 18% ಸರ್ವಿಸ್ ಸೇರುತ್ತೆ ಅನ್ನೋದು ನೆನಪಿರಲಿ.

ಮಾನ್ವಿ_ಮಂದಿ:

ನಾಲ್ಕು ದಿನ ಕುಡಿಯದೆ ಇದ್ದರೆ ಏನಾಗುತ್ತೆ ಅಂತ ಷಡ್ಡಕರನ್ನು ಯಾರೂ ಕೇಳಲಿಲ್ಲವಾ?

ರಾಯಚೂರು_ಬಿಸಿಲು:

@ಮಾನ್ವಿ_ಮಂದಿ, ನಾದಿನಿ ಕೇಳಿದ್ದಾಳೆ. ಅದಾದ ಮೇಲೆ ಎರಡು ದಿನ ಮನೆಯಲ್ಲಿ ಮಾತಿಲ್ಲ.

ಜೀನ್ಸ್_ಬಳ್ಳಾರಿ:

ಒಗೆಯುವ ವಿಷಯ ಬಂತು ಅಂದ ಮೇಲೆ ನಾನು ಸುಮ್ನೆ ಇರಕ್ಕಾಗಲ್ಲ. ನಮ್ಮದು ಬಳ್ಳಾರಿಯಲ್ಲಿ ಜೀನ್ಸ್ ವಾಷಿಂಗ್ ಯೂನಿಟ್, ಹುಟ್ಟಿದಾಗಿಂದ ಒಗೆಯೋದನ್ನೇ ನೋಡಿದ್ದೇನೆ.

ಇಸ್ತ್ರಿ ಪೆಟ್ಟಿಗೆ, ಸ್ಟೀಮರ್ ಎರಡೂ ಬಿಡಲ್ಲ. ನೀರು ಕಾಯಿಸುವ ಕಾಯಿಲ್ ಒಯ್ಯುವ ಅಭ್ಯಾಸ ನಮ್ಮ ಕಡೆ ಬಹಳ, ಅದನ್ನೂ ಬಿಡಲ್ಲ. ಇದೇನು ಅತಿ ಮಾಡ್ತಾರೆ ಅಂತ ನನಗೂ ಅನಿಸುತ್ತಿತ್ತು. ಆಮೇಲೆ ನಮ್ಮ ಯೂನಿಟ್ ನೆನಪಾಯಿತು. ನಮ್ಮ ಡ್ರೈಯರಿನ ಜಾಲರಿಯಲ್ಲಿ ಬಟ್ಟೆಯ ನವಿರು ಧೂಳು ಹತ್ತಿಯ ಹಾಗೆ ಕಟ್ಟಿಕೊಳ್ಳುತ್ತೆ, ಪಾಳಿಗೊಮ್ಮೆ ತೆಗೆಯದಿದ್ದರೆ ಒಂದು ಕಿಡಿ ಸಾಕು. ಇಲ್ಲಿ ಬೆಂಕಿ ಬಿದ್ದರೆ ರೋಡಿಗೆ ಓಡಬಹುದು, ಅಗ್ನಿಶಾಮಕದವರಿಗೆ ಫೋನ್ ಮಾಡಬಹುದು. ನಡುಸಮುದ್ರದಲ್ಲಿ ಎಲ್ಲಿಗೆ ಓಡುವುದು, ಯಾರನ್ನು ಕರೆಯುವುದು? 2006ರ ಮಾರ್ಚ್‌ನಲ್ಲಿ ಜಮೈಕಾ ಹತ್ತಿರ ಸ್ಟಾರ್ ಪ್ರಿನ್ಸೆಸ್ ಅನ್ನುವ ಹಡಗಿಗೆ ಬೆಂಕಿ ಬಿತ್ತು. ಶುರುವಾಗಿದ್ದು ಒಂದು ಬಾಲ್ಕನಿಯಿಂದ, ಆರಿಸದೆ ಎಸೆದ ಸಿಗರೇಟೇ ಕಾರಣ ಇರಬೇಕು ಅಂದರು. ಅಷ್ಟರಲ್ಲೇ ಸಾಲು ಸಾಲು ರೂಮು ಸುಟ್ಟುಹೋದವು. ಹಾಗಾಗಿ ಬಾಲ್ಕನಿಯಲ್ಲಿ ಹಗ್ಗ ಕಟ್ಟಿ ಸೀರೆ ಹಾಕುವ ಪ್ಲಾನ್ ಈಗಲೇ ಬಿಡಿ. ಗಾಳಿಗೆ ಆರು ಗಜದ ಸೀರೆ ಹಾರಿ ಮೇಲಿನವರ ಬಾಲ್ಕನಿಗೆ ಸಿಕ್ಕಿಕೊಂಡರೆ ಅಮ್ಮನ ಮಡಿಯೂ ಹೋಯಿತು, ಸೀರೆಯೂ ಹೋಯಿತು.

ರಾಯಲ್ ಕೆರಿಬಿಯನ್‌ನಲ್ಲಿ ನಾವೇ ಒಗೆದುಕೊಳ್ಳುವ ಮಷಿನ್ ರೂಮು ಇಲ್ಲ. ಕಾರ್ನಿವಲ್, ಪ್ರಿನ್ಸೆಸ್ ಹಡಗುಗಳಲ್ಲಿ ಇರುತ್ತೆ, ಅಲ್ಲಿ ಇಸ್ತ್ರಿಯೂ ಸಿಗುತ್ತೆ. ನಿಮ್ಮದರಲ್ಲಿ ಚೀಟಿ ತುಂಬಿ ಚೀಲದಲ್ಲಿ ಹಾಕಿ ಕೊಡಬೇಕು, ಒಂದೊಂದು ಬಟ್ಟೆಗೆ ಇಷ್ಟು ಅಂತ ಡಾಲರಿನಲ್ಲಿ ರೇಟು. ನಮ್ಮಲ್ಲಿ ಆ ರೇಟಿಗೆ ಅಂಥದ್ದೇ ಹೊಸ ಅಂಗಿ ಕೊಳ್ಳಬಹುದು.

ಉಳಿದದ್ದು ಬಾತ್‌ರೂಮು. ಸ್ನಾನದ ಜಾಗದಲ್ಲಿ ಗೋಡೆಯಿಂದ ಎಳೆಯುವ ಒಂದು ತೆಳು ದಾರ ಸಾಮಾನ್ಯವಾಗಿ ಇರುತ್ತೆ, ಅದಕ್ಕೆ ಒಳ ಉಡುಪು, ತೆಳು ಅಂಗಿ ಹಾಕಬಹುದು, ಒದ್ದೆ ಟರ್ಕಿ ಟವೆಲ್ ಹಾಕಿದರೆ ಜೋತು ಬೀಳುತ್ತೆ. ಒಗೆದ ಮೇಲೆ ಹಿಂಡಬೇಡಿ. ಒಣ ಟವೆಲ್ ಹಾಸಿ ಅದರ ಮೇಲೆ ಬಟ್ಟೆ ಇಟ್ಟು ರೊಟ್ಟಿ ಸುತ್ತಿದ ಹಾಗೆ ಸುತ್ತಿ, ಮೊಣಕಾಲಿನಿಂದ ಒತ್ತಿ. ಅರ್ಧ ನೀರು ಟವೆಲಿಗೆ ಹೋಗುತ್ತೆ. ನಮ್ಮ ಬಿಸಿಲಿಗೆ ಹಾಕಿದ ಬಟ್ಟೆ ಹತ್ತು ನಿಮಿಷಕ್ಕೆ ಹಪ್ಪಳ ಆಗುತ್ತಲ್ಲ, ಆ ಲೆಕ್ಕ ಅಲ್ಲಿ ಬೇಡ, ಬಾತ್‌ರೂಮಿನಲ್ಲಿ ಬೆಳಿಗ್ಗೆಗೂ ತೇವ ಇರುತ್ತೆ. ರೂಮಿನ ಗೋಡೆ ತಗಡಿನದು, ಆಯಸ್ಕಾಂತದ ಕೊಕ್ಕೆ ಅಂಟುತ್ತೆ. ನಾಲ್ಕು ಕೊಕ್ಕೆ ಒಯ್ದರೆ ರೂಮಿನ ಒಳಗೇ ಎಸಿ ಗಾಳಿಗೆ ಹಾಕಬಹುದು.

ಇನ್ನೊಂದು, ಬಳ್ಳಾರಿಯವನಾಗಿ ಹೇಳಬಾರದ ಮಾತು. ಜೀನ್ಸ್ ಒಯ್ಯಬೇಡಿ. ಒದ್ದೆ ಆದರೆ ಸಿಂಗಾಪುರಕ್ಕೆ ವಾಪಸ್ ಬರುವವರೆಗೂ ಒಣಗಲ್ಲ.

ಸಿಂಧನೂರು_ಅಕ್ಕ:

ತಮ್ಮಾ, ನೀವು ಗಂಡಸರು ಹಗ್ಗ, ಕೊಕ್ಕೆ ಅಂತ ಸುಮ್ನೆ ತಲೆ ಕೆಡಿಸಿಕೊಂಡಿದ್ದೀರಿ. ರೇಷ್ಮೆ ಇಲ್ಲವಾ ಮನೆಯಲ್ಲಿ? ಹತ್ತಿ ಸೀರೆ ಆದರೆ ದಿನಾ ಒಗೆಯಬೇಕು, ರೇಷ್ಮೆ ಸೀರೆ ದಿನಾ ಒಗೆಯದೆಯೂ ಮಡಿಗೆ ನಡೆಯುತ್ತೆ. ನಮ್ಮ ಅತ್ತೆ ಕಾಶಿಗೆ ರೈಲಿನಲ್ಲಿ ಹೋದಾಗ ಒಂದು ಹಳೆಯ ರೇಷ್ಮೆ ಸೀರೆಯನ್ನು ಬೇರೆ ಚೀಲದಲ್ಲಿ ಇಟ್ಟುಕೊಂಡು ಎಂಟು ದಿನ ಅದರಲ್ಲೇ ಪೂಜೆ ಮುಗಿಸಿದರು. ಸ್ನಾನ, ಆ ಸೀರೆ, ಪೂಜೆ, ಮತ್ತೆ ಬಿಚ್ಚಿ ಚೀಲಕ್ಕೆ. ಬೇರೆ ಯಾರೂ ಚೀಲ ಮುಟ್ಟುವ ಹಾಗಿಲ್ಲ. ನಾಲ್ಕು ರಾತ್ರಿ ಯಾವ ಲೆಕ್ಕ? ಆದರೆ ಇದನ್ನು ನೀವು ಹೇಳಿದರೆ ಕೇಳಲ್ಲ, ಅವರ ವಯಸ್ಸಿನ ಯಾರಾದರೂ ಹೇಳಬೇಕು. ಅಕ್ಕಪಕ್ಕದ ಮನೆಯ ಅಜ್ಜಿಯನ್ನು ಒಂದು ಸಂಜೆ ಕರೆಸಿ ಕಾಫಿ ಕೊಡಿ.

ಕರ್ಪೂರ ಹಡಗಿನವರೆಗೆ ಹೋಗೋದೇ ಇಲ್ಲ, ವಿಮಾನದಲ್ಲೇ ತೆಗೆಸುತ್ತಾರೆ, ಬೇಗ ಹೊತ್ತಿಕೊಳ್ಳುವ ವಸ್ತು ಅಲ್ವಾ. ಹಡಗಿನಲ್ಲಿ ಮೇಣದಬತ್ತಿ, ಊದಿನಕಡ್ಡಿ ಕೂಡ ಹಚ್ಚಬಾರದು. ಬ್ಯಾಟರಿ ದೀಪ ಸಿಗುತ್ತೆ, ಅದನ್ನು ಇಡಿ. ಚಿಕ್ಕ ಫೋಟೋ, ಅಕ್ಷತೆ, ಸಕ್ಕರೆ ನೈವೇದ್ಯ ಸಾಕು. ರಾಯರು ಬೇಜಾರು ಮಾಡಿಕೊಳ್ಳಲ್ಲ.

ರಾಯಚೂರು_ಬಿಸಿಲು:

ಅಕ್ಕಾ, ಪಕ್ಕದ ಮನೆ ಅಜ್ಜಿ ನಿನ್ನೆ ಬಂದು ಹೋದರು. ಅಮ್ಮ ಇವತ್ತು ಬೆಳಿಗ್ಗೆ ಬೀರುವಿನಿಂದ ಹಸಿರು ರೇಷ್ಮೆ ಸೀರೆ ತೆಗೆದು, "ನನಗೆ ಮೊದಲೇ ಇದು ಹೊಳೆದಿತ್ತು" ಅಂದರು. ಬ್ಯಾಟರಿ ದೀಪ ನೋಡಿ ಮಾತ್ರ ಮುಖ ಸಿಂಡರಿಸಿದರು, ತುಪ್ಪದ ಬತ್ತಿ ಡಬ್ಬಿ ಇನ್ನೂ ಬ್ಯಾಗಿನಲ್ಲೇ ಇದೆ, ಹೋಗುವ ದಿನ ನಾನೇ ತೆಗೆದಿಡುತ್ತೇನೆ.

ಷಡ್ಡಕರ ಕೇಸ್ ಬಾಕಿ. ವೈನ್ ಅಂದರೆ ದ್ರಾಕ್ಷಿ ಜ್ಯೂಸು ಅನ್ನುತ್ತಾರೆ. ಆದರೂ ನಾದಿನಿ ಪಾಲಿನದೂ ಸೇರಿ ಎರಡು ಬಾಟಲಿ ಬರುತ್ತೆ ಅಂದ ಮೇಲೆ ಸ್ವಲ್ಪ ಮೆತ್ತಗಾಗಿದ್ದಾರೆ. ಇಲ್ಲಿಂದಲೇ ಕೊಂಡು ಒಯ್ದರೆ ವಿಮಾನದಲ್ಲಿ ತೊಂದರೆ ಇಲ್ಲ ಅಲ್ವಾ? ಬರುವಾಗ ವಿಸ್ಕಿ ತರಬಹುದಾ ಅಂತಲೂ ಕೇಳುತ್ತಿದ್ದಾರೆ.

ಕೊಪ್ಪಳ_ಗವಿಮಠ_ರೋಡ್:

ವೈನ್ ಚೆಕ್-ಇನ್ ಬ್ಯಾಗಿನಲ್ಲಿ ಹಾಕಿ, ಬಟ್ಟೆಯಲ್ಲಿ ಸುತ್ತಿ. ಕೈಚೀಲದಲ್ಲಿ 100 ಮಿಲಿಗಿಂತ ದೊಡ್ಡ ಬಾಟಲಿ ಬಿಡಲ್ಲ. ಸಿಂಗಾಪುರದಲ್ಲಿ ಇಳಿದ ಮೇಲೆ ಮರೆಯದೆ ಸೂಟ್‌ಕೇಸಿನಿಂದ ಕೈಚೀಲಕ್ಕೆ ಬದಲಿಸಿ, ಇಲ್ಲಾಂದರೆ ನನ್ನ ಹಾಗೆ ಕೆಳಗಿನ ರೂಮಿನ ದರ್ಶನ ಆಗುತ್ತೆ. ಒಬ್ಬೊಬ್ಬರೂ ತಮ್ಮ ಬಾಟಲಿ ತಾವೇ ಹಿಡಿದುಕೊಂಡರೆ ಕಿರಿಕಿರಿ ಇಲ್ಲ.

ವಿಸ್ಕಿಯನ್ನು ದಾರಿಯಲ್ಲಿ ಕೊಳ್ಳಲೇಬೇಡಿ. ಮಲೇಷ್ಯಾದಿಂದ ಬಂದವರಿಗೆ ಸಿಂಗಾಪುರದಲ್ಲಿ ಮದ್ಯದ ಸುಂಕ ವಿನಾಯಿತಿ ಇಲ್ಲ, ನಿಮ್ಮ ಹಡಗು ಕೊನೆಗೆ ಯಾವ ಬಂದರು ಮುಟ್ಟಿ ಬರುತ್ತೆ ಅಂತ ಲೆಕ್ಕ ಹಾಕುತ್ತಾ ಕೂರೋದು ಯಾಕೆ? ವಾಪಸ್ ಬರುವಾಗ ಸಿಂಗಾಪುರದ ಚಾಂಗಿ ಏರ್‌ಪೋರ್ಟಿನಲ್ಲಿ ತಗೊಳ್ಳಿ, ನೇರ ವಿಮಾನ ಆದರೆ ಸೀಲ್ ಮಾಡಿದ ಚೀಲದಲ್ಲಿ ಹಾಗೇ ಹತ್ತಬಹುದು. ನಮ್ಮ ದೇಶದೊಳಗೆ ಒಬ್ಬರಿಗೆ 2 ಲೀಟರ್‌ವರೆಗೆ ಸುಂಕ ಇಲ್ಲ.

ಹಾಂ, ಯಾವ ವೈನ್ ಅಂತ ಕೇಳಿದರೆ ನಮ್ಮ ಹಂಪಿ ಕಡೆ ಬೆಳೆದ ದ್ರಾಕ್ಷಿಯದೇ ಕ್ರಸ್ಮಾ ಅಂತ ಒಂದಿದೆ. ಬೆಲೆ ಜಾಸ್ತಿ. ದ್ರಾಕ್ಷಿ ಜ್ಯೂಸು ಅಂದರಲ್ಲ, ಅವರ ಕೈಯಿಂದಲೇ ದುಡ್ಡು ಕೊಡಿಸಿ.